ವಿಲಾಯತಿ ಹತ್ತಿಯ ಹಾದಿ: ಧಾರವಾಡ ಸೀಮೆಗೆ ಅಮೆರಿಕ ಬಂದ ಬಗೆ

ಬ್ಯಾಡಗಿ ಮೆಣಸಿನಕಾಯಿ, ಗೋವಿನ ಜೋಳ ಮತ್ತು ಶೇಂಗಾ ಇಲ್ಲದ ಹಾವೇರಿ ಜಿಲ್ಲೆಯನ್ನು ಇಂದು ಊಹಿಸಿಕೊಳ್ಳುವುದು ಕಷ್ಟ. ಈ ಮೂರೂ ಮೂಲತಃ ಅಮೆರಿಕ ಖಂಡದ ಬೆಳೆಗಳು. ಕೊಲಂಬಸನ ಯಾನದ ನಂತರ ಯುರೋಪಿನ ಹಡಗುಗಳಲ್ಲಿ ಬಂದು, ಕರಾವಳಿಯಿಂದ ಘಟ್ಟ ಹತ್ತಿ ನಮ್ಮ ಹೊಲಗಳಿಗೆ ಇಳಿದವು. ಸವಣೂರಿನ ದೊಡ್ಡಹುಣಸೆ ಕಲ್ಮಠದ ಆವರಣದಲ್ಲಿರುವ ಭಾರೀ ಗಾತ್ರದ ಮರಗಳೂ ಇಲ್ಲಿನವಲ್ಲ, ಅವು ಆಫ್ರಿಕಾ ಮೂಲದವು. ಹೊರಗಿನಿಂದ ಬಂದದ್ದೆಲ್ಲ ದಬ್ಬಾಳಿಕೆಯಿಂದಲೇ ಬಂದದ್ದಲ್ಲ ಎಂಬುದಕ್ಕೆ ಇವು ಸಾಕ್ಷಿ. ಮೆಣಸಿನಕಾಯಿಯನ್ನು ಬೆಳೆಯಿರಿ ಎಂದು ಯಾವ ಕಲೆಕ್ಟರನೂ ಆಜ್ಞೆ ಮಾಡಲಿಲ್ಲ. ರೈತ ಬಿತ್ತಿ ನೋಡಿದ, ಹೆಂಗಸರು ಅಡುಗೆಗೆ ಹಾಕಿ ನೋಡಿದರು, ಹಿಡಿಸಿತು, ಉಳಿಯಿತು.

ಆದರೆ ಅಮೆರಿಕದಿಂದ ಬಂದ ಇನ್ನೊಂದು ಬೆಳೆಯ ಕಥೆ ಬೇರೆ. ಅದು ಹತ್ತಿ. ಅದರ ಜೊತೆ ಬೀಜವಷ್ಟೇ ಬರಲಿಲ್ಲ. ಸಂಬಳ ಪಡೆದ ಅಮೆರಿಕನ್ನರು ಬಂದರು, ಯಂತ್ರ ಬಂತು, ಕಾನೂನು ಬಂತು, ಸಾವಿರಾರು ಮೈಲಿ ದೂರದ ಯುದ್ಧವೊಂದು ಇಲ್ಲಿನ ಸಂತೆಯ ಧಾರಣೆಯನ್ನು ನಿರ್ಧರಿಸುವ ಸ್ಥಿತಿ ಬಂತು. ಅಮೆರಿಕದ ಸಾಮ್ರಾಜ್ಯಶಾಹಿ ಎಂದ ಕೂಡಲೇ ನಮಗೆ ವಿಯೆಟ್ನಾಮ್, ಇರಾಕ್, ಅಫ್ಘಾನಿಸ್ತಾನಗಳು ನೆನಪಾಗುತ್ತವೆ. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ನೆನಪಾಗುವುದಿಲ್ಲ. ಸೈನಿಕನೊಬ್ಬನೂ ಕಾಲಿಡದ ಈ ನೆಲದ ಬದುಕಿನೊಳಗೆ ಆ ದೂರದ ದೇಶ ಹೇಗೆ ಸೇರಿಕೊಂಡಿತು ಎಂಬುದನ್ನು ನೋಡಿದರೆ, ಸಾಮ್ರಾಜ್ಯ ಕೆಲಸ ಮಾಡುವ ರೀತಿ ಇನ್ನಷ್ಟು ಸ್ಪಷ್ಟವಾಗುತ್ತದೆ.

ಹೈದರಾಲಿಯ ಹೆಸರಿನ ಹಡಗು

ಮೊದಲಿಗೆ ಒಂದು ಮರೆತ ಸಂಗತಿ. ಅಮೆರಿಕ ತಾನೇ ಬ್ರಿಟಿಷರ ವಸಾಹತಾಗಿದ್ದು, ಅವರ ವಿರುದ್ಧ ಸ್ವಾತಂತ್ರ್ಯ ಯುದ್ಧ ನಡೆಸುತ್ತಿದ್ದ ಕಾಲ. 1782ರ ಏಪ್ರಿಲ್‌ನಲ್ಲಿ ಡೆಲವೇರ್ ಕೊಲ್ಲಿಯಲ್ಲಿ ಪೆನ್ಸಿಲ್ವೇನಿಯಾದ ಹಡಗೊಂದು ‘ಜನರಲ್ ಮಂಕ್’ ಎಂಬ ಬ್ರಿಟಿಷ್ ಯುದ್ಧನೌಕೆಯನ್ನು ಸೋಲಿಸಿ ವಶಪಡಿಸಿಕೊಂಡಿತು. ಗೆದ್ದ ಹಡಗಿನ ಹೆಸರು ‘ಹೈದರ್ ಅಲಿ’. ಮೈಸೂರಿನಲ್ಲಿ ಇಂಗ್ಲಿಷರನ್ನು ಎದುರಿಸುತ್ತಿದ್ದ ಹೈದರಾಲಿಯ ಕೀರ್ತಿ ಅಷ್ಟು ದೂರ ತಲುಪಿತ್ತು. ಸಮಾನ ಶತ್ರುವಿನ ವಿರುದ್ಧ ಹೋರಾಡುವ ಒಡನಾಡಿ ಎಂಬ ಭಾವನೆಯಿಂದಲೇ ಅಮೆರಿಕನ್ನರು ಆ ಹೆಸರನ್ನು ತಮ್ಮ ಹಡಗಿಗೆ ಇಟ್ಟರು.

ಅದೇ ಹೈದರಾಲಿಗೆ ಸವಣೂರಿನ ನವಾಬ ಹಕೀಂ ಖಾನನೊಂದಿಗೆ ಬೀಗತನವಿತ್ತು. 1779ರಲ್ಲಿ ಎರಡೂ ಮನೆತನಗಳ ನಡುವೆ ಹೆಣ್ಣು ಕೊಟ್ಟು ಹೆಣ್ಣು ತರುವ ಸಂಬಂಧ ಏರ್ಪಟ್ಟಿತ್ತು. ಬಿಜಾಪುರದ ಆದಿಲಶಾಹಿ ಪತನವಾದ ಮೇಲೆ ಅಬ್ದುಲ್ ರವೂಫ್ ಖಾನನಿಂದ ನೆಲೆಗೊಂಡ ಈ ಪಠಾಣ ಮನೆತನ ಮೊದಲು ಬಂಕಾಪುರದಿಂದ, ಬಳಿಕ ಸವಣೂರಿನಿಂದ ಆಳುತ್ತಿತ್ತು. ಮರಾಠರು ಮತ್ತು ಮೈಸೂರಿನ ನಡುವೆ ಸಿಕ್ಕಿಕೊಂಡ ಈ ಸಂಸ್ಥಾನ 1756ರಲ್ಲೂ 1786ರಲ್ಲೂ ದೊಡ್ಡ ಸೈನ್ಯಗಳ ತುಳಿತಕ್ಕೆ ಒಳಗಾಯಿತು. ಕೊನೆಗೆ ಇಂಗ್ಲಿಷರ ಅಧೀನದಲ್ಲಿ 25 ಹಳ್ಳಿಗಳ ಪುಟ್ಟ ಸಂಸ್ಥಾನವಾಗಿ ಉಳಿಯಿತು.

ಇನ್ನೊಂದು ಕೊಂಡಿಯೂ ಇದೆ. 1781ರಲ್ಲಿ ಯಾರ್ಕ್‌ಟೌನ್‌ನಲ್ಲಿ ಅಮೆರಿಕನ್ನರಿಗೆ ಶರಣಾದ ಬ್ರಿಟಿಷ್ ಸೇನಾಪತಿ ಲಾರ್ಡ್ ಕಾರ್ನ್‌ವಾಲೀಸ್. ಅಲ್ಲಿ ಸೋತ ಆತನೇ ಗವರ್ನರ್ ಜನರಲ್ ಆಗಿ ಇಲ್ಲಿಗೆ ಬಂದು, 1792ರಲ್ಲಿ ಶ್ರೀರಂಗಪಟ್ಟಣದ ಒಪ್ಪಂದವನ್ನು ಟಿಪ್ಪುವಿನ ಮೇಲೆ ಹೇರಿದ. ಪಶ್ಚಿಮದಲ್ಲಿ ಕಳೆದುಕೊಂಡದ್ದನ್ನು ಇಂಗ್ಲೆಂಡ್ ಪೂರ್ವದಲ್ಲಿ ಗಳಿಸಿಕೊಳ್ಳತೊಡಗಿತ್ತು. ಪೇಶ್ವೆಯ ಪತನದೊಂದಿಗೆ 1818ರ ಹೊತ್ತಿಗೆ ಧಾರವಾಡ ಸೀಮೆಯೂ ಕಂಪನಿಯ ಕೈಸೇರಿತು. ಮರುವರ್ಷ, 1819ರಲ್ಲಿ, ಶಿಗ್ಗಾಂವಿ ತಾಲೂಕಿನ ಶಿಶುವಿನಹಾಳದಲ್ಲಿ ಶರೀಫ ಸಾಹೇಬರು ಹುಟ್ಟಿದರು. ಮುಂದೆ ಹೇಳಲಿರುವುದು ಬಹುಮಟ್ಟಿಗೆ ಅವರ ಜೀವಿತದ 70 ವರ್ಷಗಳಲ್ಲಿ, ಅವರು ಓಡಾಡಿದ ನೆಲದಲ್ಲಿ ನಡೆದ ಕಥೆ.

ಗುಲಾಮರ ಬೆವರಿನ ಹತ್ತಿ

ಸ್ವತಂತ್ರವಾದ ಅಮೆರಿಕ ಹೈದರಾಲಿಯ ಒಡನಾಡಿಯಾಗಿ ಉಳಿಯಲಿಲ್ಲ. ಅದಕ್ಕೆ ಕಾರಣಗಳಲ್ಲಿ ಹತ್ತಿ ಮುಖ್ಯವಾದುದು. 1793ರಲ್ಲಿ ಈಲೈ ವಿಟ್ನಿ ಎಂಬಾತ ಹತ್ತಿಯ ಬೀಜ ಬಿಡಿಸುವ ಹಲ್ಲಿನ ಯಂತ್ರವನ್ನು, ಅಂದರೆ ‘ಜಿನ್’ ಅನ್ನು ರೂಪಿಸಿದ. ಕೈಯಿಂದ ಬಿಡಿಸಲು ದಿನವಿಡೀ ಹಿಡಿಯುತ್ತಿದ್ದ ಕೆಲಸ ಸಲೀಸಾಯಿತು. ಹತ್ತಿಯ ಹೊಲಗಳು ಮಿಸಿಸಿಪಿ ಕಣಿವೆಯತ್ತ, ಅಲ್ಲಿಂದ ಟೆಕ್ಸಾಸ್‌ನತ್ತ ಹಬ್ಬಿದವು. ಮೂಲನಿವಾಸಿಗಳನ್ನು ಅವರ ನೆಲದಿಂದ ಹೊರದೂಡಲಾಯಿತು. 1845ರಲ್ಲಿ ಟೆಕ್ಸಾಸ್ ಅಮೆರಿಕಕ್ಕೆ ಸೇರಿತು. 1846ರಿಂದ 1848ರವರೆಗೆ ಮೆಕ್ಸಿಕೋದೊಡನೆ ಯುದ್ಧ ನಡೆದು, ಆ ದೇಶದ ವಿಶಾಲ ಭೂಭಾಗ ಅಮೆರಿಕದ ಪಾಲಾಯಿತು. ಈ ವಿಸ್ತರಣೆಯ ಹಿಂದೆ ಹೊಸ ಹತ್ತಿ ಹೊಲಗಳನ್ನು ಹುಡುಕುತ್ತಿದ್ದ ದಕ್ಷಿಣದ ಜಮೀನ್ದಾರರ ಒತ್ತಾಸೆ ಬಲವಾಗಿತ್ತು. 1860ರ ಜನಗಣತಿಯ ವೇಳೆಗೆ ಅಲ್ಲಿ ಸುಮಾರು 40 ಲಕ್ಷ ಕಪ್ಪು ಜನರು ಗುಲಾಮರಾಗಿದ್ದರು.

ಆ ಹತ್ತಿಯ ಬಹುಪಾಲು ಹೋಗುತ್ತಿದ್ದುದು ಇಂಗ್ಲೆಂಡಿನ ಲ್ಯಾಂಕಷೈರ್‌ನ ಗಿರಣಿಗಳಿಗೆ. 1850ರ ದಶಕದ ಕೊನೆಯಲ್ಲಿ ಆ ಗಿರಣಿಗಳು ನೂಲುತ್ತಿದ್ದ ಹತ್ತಿಯಲ್ಲಿ ಮುಕ್ಕಾಲು ಭಾಗಕ್ಕೂ ಹೆಚ್ಚು ಅಮೆರಿಕದ್ದು. ಒಂದೇ ದೇಶವನ್ನು ಇಷ್ಟು ನೆಚ್ಚಿಕೊಳ್ಳುವುದು ಅಪಾಯ ಎಂಬ ಆತಂಕ ಮ್ಯಾಂಚೆಸ್ಟರಿನ ಗಿರಣಿ ಮಾಲೀಕರಿಗೆ ಬಹಳ ಹಿಂದೆಯೇ ಇತ್ತು. ಭಾರತದಲ್ಲೂ ಹತ್ತಿ ಇದೆಯಲ್ಲ? ಇತ್ತು. ಆದರೆ ನಮ್ಮ ಜವಾರಿ ಹತ್ತಿಯ ಎಳೆ ಗಿಡ್ಡ. ಕೈರಾಟಿಗೆ, ಕೈಮಗ್ಗಕ್ಕೆ ಅದು ಒಗ್ಗಿತ್ತು. ಲ್ಯಾಂಕಷೈರ್‌ನ ಯಂತ್ರಗಳಿಗೆ ಉದ್ದ ಎಳೆಯ ಅಮೆರಿಕನ್ ಹತ್ತಿ ಬೇಕಿತ್ತು. ಹಾಗಾಗಿ ಭಾರತದ ನೆಲದಲ್ಲಿ ಅಮೆರಿಕದ ಹತ್ತಿಯನ್ನೇ ಬೆಳೆಸಬೇಕೆಂಬ ಯೋಜನೆ ಹುಟ್ಟಿತು. ಯಂತ್ರಕ್ಕೆ ತಕ್ಕಂತೆ ಹೊಲ ಬದಲಾಗಬೇಕು ಎಂಬುದು ಅದರ ತಿರುಳು.

ಹತ್ತು ಮಂದಿ ಅಮೆರಿಕನ್ನರು

1839ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಕ್ಯಾಪ್ಟನ್ ಬೇಲ್ಸ್ ಎಂಬ ಅಧಿಕಾರಿಯನ್ನು ಅಮೆರಿಕಕ್ಕೆ ಕಳುಹಿಸಿತು. ಆತ ದಕ್ಷಿಣದ ಹತ್ತಿ ಪ್ರಾಂತಗಳಲ್ಲಿ ಅನುಭವವಿದ್ದ ಹತ್ತು ಮಂದಿಯನ್ನು ಸಂಬಳಕ್ಕೆ ಗೊತ್ತುಮಾಡಿಕೊಂಡು, ಬೀಜ, ಜಿನ್ ಯಂತ್ರ ಮತ್ತು ಉಪಕರಣಗಳ ಸಮೇತ 1840ರಲ್ಲಿ ಹಿಂದಿರುಗಿದ. ಅವರನ್ನು ಬೊಂಬಾಯಿ, ಮದರಾಸು, ಬಂಗಾಳ ಪ್ರಾಂತಗಳಿಗೆ ಹಂಚಲಾಯಿತು. ಗುಲಾಮರನ್ನು ದುಡಿಸಿ ಕೃಷಿ ಮಾಡಿಸಿದ ಅನುಭವದವರು ಇಲ್ಲಿನ ಸ್ವತಂತ್ರ ರೈತನಿಗೆ ಹತ್ತಿ ಬೆಳೆಯುವುದನ್ನು ಕಲಿಸಲು ಬಂದಿದ್ದರು. ಸಾವಿರಾರು ವರ್ಷಗಳಿಂದ ಹತ್ತಿ ಬೆಳೆದು, ನೂತು, ನೇಯ್ದು ಜಗತ್ತಿಗೆ ಬಟ್ಟೆ ಕೊಟ್ಟ ನಾಡಿಗೆ!

ಹೆಚ್ಚಿನ ಕಡೆಗಳಲ್ಲಿ ಪ್ರಯೋಗ ನೆಲಕಚ್ಚಿತು. ಮಳೆಯ ಲೆಕ್ಕ ತಪ್ಪಿತು, ಗಿಡ ಒಣಗಿತು, ಖರ್ಚು ಏರಿತು. ಆ ಹತ್ತು ಮಂದಿಯಲ್ಲಿ ಒಬ್ಬನಾದ ಮರ್ಸರ್ ಎಂಬಾತ ಕೆಲವು ವರ್ಷಗಳ ಅನುಭವದ ನಂತರ ಸರಕಾರಕ್ಕೆ ನೇರವಾಗಿಯೇ ಹೇಳಿದ: ಅಮೆರಿಕದ ಪದ್ಧತಿ ಈ ದೇಶಕ್ಕೆ ಹೊಂದುವಂಥದ್ದಲ್ಲ, ಇಲ್ಲಿನ ಮಣ್ಣು, ಹವೆಯನ್ನು ಬಲ್ಲ ಇಲ್ಲಿನ ರೈತರೇ ಯಾವ ಯುರೋಪಿಯನ್ನನಿಗಿಂತಲೂ ಚೆನ್ನಾಗಿ, ಅಗ್ಗವಾಗಿ ಬೆಳೆಯಬಲ್ಲರು, ಪ್ರಯೋಗದ ಹೊಲಗಳಿಗೆ ಮಾಡುವ ಖರ್ಚು ವ್ಯರ್ಥ. ಕಲಿಸಲು ಬಂದವನು ಕಲಿತು ನುಡಿದ ಮಾತಿದು.

ಅಮೆರಿಕನ್ ಹತ್ತಿ ನಿಜವಾಗಿ ಬೇರುಬಿಟ್ಟದ್ದು ಧಾರವಾಡ ಜಿಲ್ಲೆಯಲ್ಲಿ. ಆಗಿನ ಕಲೆಕ್ಟರ್ ಎ.ಎನ್. ಶಾ ಇದರಲ್ಲಿ ವಿಶೇಷ ಆಸಕ್ತಿ ವಹಿಸಿದ್ದ. ಹುಬ್ಬಳ್ಳಿ, ಗದಗ ಭಾಗದಲ್ಲಿ ನ್ಯೂ ಆರ್ಲಿಯನ್ಸ್ ಬೀಜವನ್ನು ಬಿತ್ತಿ ನೋಡಲಾಯಿತು. ಕೆಲವು ನೂರು ಎಕರೆಗಳಲ್ಲಿ ಆರಂಭವಾದದ್ದು ಹತ್ತು ವರ್ಷಗಳೊಳಗೆ ಹತ್ತಾರು ಸಾವಿರ ಎಕರೆಗೆ ಏರಿತು. ಇಲ್ಲಿಯೇ ಏಕೆ ಒಗ್ಗಿತು? ಧಾರವಾಡದ ಎರೆಮಣ್ಣು ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ. ಮುಂಗಾರು ಮಾತ್ರವಲ್ಲದೆ ಹಿಂಗಾರಿನ ಮಳೆಯೂ ಈ ಭಾಗಕ್ಕೆ ಸಿಗುತ್ತದೆ. ಅಮೆರಿಕದ ಗಿಡಕ್ಕೆ ಬೇಕಾದ ಹದ ಇಲ್ಲಿತ್ತು. ಜನ ಅದನ್ನು ವಿಲಾಯತಿ ಹತ್ತಿ ಎಂದು ಕರೆದರು. ತಮ್ಮದನ್ನು ಜವಾರಿ ಹತ್ತಿ ಎಂದರು. ವ್ಯಾಪಾರದ ದಾಖಲೆಗಳಲ್ಲಿ ಮೊದಲನೆಯದಕ್ಕೆ ‘ಧಾರವಾಡ ಅಮೆರಿಕನ್’ ಎಂದೂ, ಎರಡನೆಯದಕ್ಕೆ ಅದು ಹಡಗು ಹತ್ತುತ್ತಿದ್ದ ಬಂದರಿನ ಮೇಲಿಂದ ‘ಕುಮಟಾ’ ಎಂದೂ ಹೆಸರಾಯಿತು.

ನಮ್ಮ ನಾಲ್ಕು ತಾಲೂಕುಗಳು ಈ ಕಥೆಯ ಗಡಿರೇಖೆಯಲ್ಲಿವೆ. ಸವಣೂರು ಮತ್ತು ಶಿಗ್ಗಾಂವಿಯ ಪೂರ್ವಭಾಗ ಎರೆಭೂಮಿ, ಹತ್ತಿಯ ನೆಲ. ಶಿಗ್ಗಾಂವಿ ಆಗ ಬಂಕಾಪುರ ತಾಲೂಕಿನ ಕೇಂದ್ರವಾಗಿತ್ತು. ಹಿರೇಕೆರೂರು ಕೋಡ ತಾಲೂಕಿನ ಕೇಂದ್ರ. ಅಲ್ಲಿ ಕೆಂಪುಮಣ್ಣು ಹೆಚ್ಚು, ಮದಗ-ಮಾಸೂರಿನಂಥ ಕೆರೆಗಳ ಕೆಳಗೆ ಗದ್ದೆ ಬೇಸಾಯ. ಹಾನಗಲ್ ಅರೆ ಮಲೆನಾಡು, ಕೆರೆಗಳ ಮತ್ತು ಭತ್ತದ ಸೀಮೆ. ಕಲೆಕ್ಟರ್ ಎಷ್ಟೇ ಉತ್ಸಾಹ ತೋರಿದರೂ ಹಾನಗಲ್ಲಿನ ಗದ್ದೆಯಲ್ಲಿ ವಿಲಾಯತಿ ಹತ್ತಿ ಬೆಳೆಯುವಂತಿರಲಿಲ್ಲ. ಸಾಮ್ರಾಜ್ಯದ ಆಸೆಗೂ ಮಣ್ಣು ಒಂದು ಮಿತಿ ಹಾಕಿತ್ತು.

ಯಂತ್ರದ ಹಲ್ಲು, ಕಾನೂನಿನ ಹಲ್ಲು

ಜವಾರಿ ಹತ್ತಿಯ ಬೀಜವನ್ನು ಬಿಡಿಸುತ್ತಿದ್ದವರು ಹೆಂಗಸರು. ಚಪ್ಪಟೆ ಕಲ್ಲಿನ ಮೇಲೆ ಹತ್ತಿಯಿಟ್ಟು, ಕಬ್ಬಿಣದ ಸರಳನ್ನು ಕಾಲಿನಿಂದ ಉರುಳಿಸಿ ಬೀಜವನ್ನು ಹೊರದಬ್ಬುವ ಕೆಲಸ ಅದು. ಹತ್ತಿ ಬೆಳೆದ ಮನೆಯಲ್ಲೇ ಅಥವಾ ನೆರೆಮನೆಯಲ್ಲೇ ನಾಲ್ಕು ಕಾಸು ಸಿಗುತ್ತಿತ್ತು. ವಿಲಾಯತಿ ಹತ್ತಿ ಈ ಕೆಲಸಕ್ಕೆ ಒಗ್ಗಲಿಲ್ಲ. ಅದರ ಎಳೆ ಬೀಜಕ್ಕೆ ಬಿಗಿಯಾಗಿ ಅಂಟಿಕೊಂಡಿರುತ್ತದೆ. ಹಲ್ಲಿನ ಜಿನ್ ಬೇಕೇಬೇಕು. ಹಾಗಾಗಿ ಬೀಜದ ಹಿಂದೆಯೇ ಯಂತ್ರ ಬಂತು. ಧಾರವಾಡದಲ್ಲಿ ಸರಕಾರಿ ಜಿನ್ ಕಾರ್ಖಾನೆ ಆರಂಭವಾಗಿ, ಅಲ್ಲಿ ಯಂತ್ರಗಳನ್ನು ತಯಾರಿಸಿ, ರಿಪೇರಿ ಮಾಡಿ ಕೊಡಲಾಗುತ್ತಿತ್ತು. ಬೀಜ ಬದಲಾದಾಗ ಕೆಲಸ ಯಾರ ಕೈಯಲ್ಲಿರುತ್ತದೆ ಎಂಬುದೂ ಬದಲಾಗುತ್ತದೆ. ಇದನ್ನು ಯಾವ ಒಪ್ಪಂದದಲ್ಲೂ ಬರೆದಿರುವುದಿಲ್ಲ.

ಇಂಗ್ಲೆಂಡಿನಲ್ಲಿ ಒತ್ತಡ ಹೆಚ್ಚುತ್ತಲೇ ಇತ್ತು. 1848ರಲ್ಲಿ ಜಾನ್ ಬ್ರೈಟ್ ಅಧ್ಯಕ್ಷತೆಯಲ್ಲಿ ಪಾರ್ಲಿಮೆಂಟಿನ ಸಮಿತಿಯೊಂದು ಭಾರತದ ಹತ್ತಿಯ ಬಗ್ಗೆ ವಿಚಾರಣೆ ನಡೆಸಿತು. 1857ರಲ್ಲಿ ಮ್ಯಾಂಚೆಸ್ಟರಿನಲ್ಲಿ ಹತ್ತಿ ಪೂರೈಕೆ ಸಂಘ ಹುಟ್ಟಿತು. ಧಾರವಾಡದ ಹತ್ತಿ ಸಮುದ್ರ ಸೇರಲು ಎತ್ತಿನ ಗಾಡಿಗಳಲ್ಲಿ ಘಟ್ಟ ಇಳಿಯಬೇಕಿತ್ತು. ಕುಮಟಾ ಬಂದರು ದೊಡ್ಡ ಹಡಗುಗಳಿಗೆ ಒಗ್ಗುವಂಥದ್ದಲ್ಲ. ಕಾರವಾರ-ಸದಾಶಿವಗಡದ ಕಡೆ ಬಂದರು ಮತ್ತು ಘಟ್ಟದ ರಸ್ತೆ ಬೇಕೆಂದು ಮ್ಯಾಂಚೆಸ್ಟರ್ ಪಟ್ಟುಹಿಡಿಯಿತು. ಮದರಾಸು ಪ್ರಾಂತಕ್ಕೆ ಸೇರಿದ್ದ ಉತ್ತರ ಕನ್ನಡವನ್ನು 1862ರಲ್ಲಿ ಬೊಂಬಾಯಿ ಪ್ರಾಂತಕ್ಕೆ ವರ್ಗಾಯಿಸಿದ್ದರ ಹಿಂದೆ ಈ ಹತ್ತಿಯ ಲೆಕ್ಕಾಚಾರವೂ ಇತ್ತು. ಕನ್ನಡಿಗರ ಒಂದು ಜಿಲ್ಲೆ ಯಾವ ಪ್ರಾಂತದಲ್ಲಿರಬೇಕು ಎಂಬುದರಲ್ಲಿ ಇಂಗ್ಲೆಂಡಿನ ಗಿರಣಿ ಮಾಲೀಕರ ಮಾತು ನಡೆಯಿತು.

ಯುದ್ಧದ ಬೆಲೆ

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಆರಂಭವಾಯಿತು. ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಬೇರೆಯಾದ ದಕ್ಷಿಣದ ರಾಜ್ಯಗಳ ವಿದೇಶಾಂಗ ನೀತಿ ಒಂದೇ ನಂಬಿಕೆಯ ಮೇಲೆ ನಿಂತಿತ್ತು: ಹತ್ತಿಯೇ ದೊರೆ. ಹತ್ತಿ ಕಳುಹಿಸುವುದನ್ನು ನಿಲ್ಲಿಸಿದರೆ ಲ್ಯಾಂಕಷೈರ್ ಹಸಿವಿನಿಂದ ಕಂಗೆಡುತ್ತದೆ, ಇಂಗ್ಲೆಂಡ್ ತಮಗೆ ಮಾನ್ಯತೆ ಕೊಡಲೇಬೇಕಾಗುತ್ತದೆ ಎಂದು ಅವರು ಲೆಕ್ಕಹಾಕಿದರು. ಅತ್ತ ಉತ್ತರದವರ ನೌಕಾಪಡೆ ದಕ್ಷಿಣದ ಬಂದರುಗಳಿಗೆ ಮುತ್ತಿಗೆ ಹಾಕಿತು. ಲ್ಯಾಂಕಷೈರ್‌ನಲ್ಲಿ ಗಿರಣಿಗಳು ಮುಚ್ಚಿದವು, ಲಕ್ಷಾಂತರ ಕಾರ್ಮಿಕರು ಬೀದಿಗೆ ಬಿದ್ದರು. ಆದರೂ ಇಂಗ್ಲೆಂಡ್ ದಕ್ಷಿಣಕ್ಕೆ ಮಾನ್ಯತೆ ಕೊಡಲಿಲ್ಲ.

ಇದಕ್ಕೆ ಹಲವು ಕಾರಣಗಳಿದ್ದವು. ಗುಲಾಮಗಿರಿಯನ್ನು ವಿರೋಧಿಸಿದ ಕಾರ್ಮಿಕರ ನೈತಿಕ ನಿಲುವು ಒಂದು. 1862ರ ಕೊನೆಯ ದಿನ ಮ್ಯಾಂಚೆಸ್ಟರಿನ ದುಡಿಯುವ ಜನ ಸಭೆ ಸೇರಿ ಅಬ್ರಹಾಂ ಲಿಂಕನ್‌ಗೆ ಬೆಂಬಲದ ಪತ್ರ ಬರೆದರು. ಮಾಲೀಕರು ಬಯಸಿದ್ದು ಹತ್ತಿಯನ್ನು, ಹಸಿದ ಕಾರ್ಮಿಕರು ಬಯಸಿದ್ದು ಗುಲಾಮರ ಬಿಡುಗಡೆಯನ್ನು. ಇದು ಇತಿಹಾಸದ ಒಂದು ಉಜ್ವಲ ಘಟನೆ. ಇನ್ನೊಂದು ಕಾರಣ, ಭಾರತ ಮತ್ತು ಈಜಿಪ್ಟಿನಿಂದ ಬಂದ ಹತ್ತಿ. ಗುಜರಾತ್, ವಿದರ್ಭ, ಧಾರವಾಡದ ಹತ್ತಿ ಆ ನಾಲ್ಕು ವರ್ಷ ಇಂಗ್ಲೆಂಡಿನ ಮಗ್ಗಗಳನ್ನು ಅಷ್ಟಿಷ್ಟಾದರೂ ನಡೆಸಿತು. ಗುಲಾಮರ ಒಡೆಯರ ಲೆಕ್ಕಾಚಾರ ಸುಳ್ಳಾಗುವಲ್ಲಿ, ಅವರ ಹೆಸರನ್ನೇ ಕೇಳಿರದ ಎರೆಸೀಮೆಯ ರೈತನ ಪಾಲೂ ಸೇರಿತ್ತು.

ಬೆಲೆ ಹಿಂದೆಂದೂ ಕಾಣದ ಮಟ್ಟಕ್ಕೆ ಏರಿತು. ಧಾರವಾಡ ಸೀಮೆಯಲ್ಲಿ ಹಣ ಓಡಾಡಿತು, ಸಾಲ ಧಾರಾಳವಾಯಿತು. ಬೊಂಬಾಯಿಯಲ್ಲಿ ಶೇರುಗಳ ಹುಚ್ಚು ಹಿಡಿಯಿತು. ಜೊತೆಗೆ ಕಲಬೆರಕೆಯೂ ಹೆಚ್ಚಿತು. ವಿಲಾಯತಿ ಹತ್ತಿಯಲ್ಲಿ ಜವಾರಿ ಬೆರೆಸುವುದು, ಬೀಜ-ಕಸ ಸೇರಿಸುವುದು ನಡೆಯಿತು. 1863ರಲ್ಲಿ ಬೊಂಬಾಯಿ ಸರಕಾರ ಹತ್ತಿ ವಂಚನೆಯ ಕಾಯಿದೆ ತಂದು, ಇನ್‌ಸ್ಪೆಕ್ಟರರನ್ನು ನೇಮಿಸಿತು. ಆದರೆ ಬೆರೆಸುವುದು ಏಕೆ ನಡೆಯುತ್ತಿತ್ತು? ಶುದ್ಧ ಹತ್ತಿ ತಂದ ರೈತನಿಗೆ ಹೆಚ್ಚಿನ ಧಾರಣೆ ಸಿಗುತ್ತಿರಲಿಲ್ಲ. ತೂಕಕ್ಕೆ ಬೆಲೆಯಿತ್ತು, ಗುಣಕ್ಕಿರಲಿಲ್ಲ. ಮಧ್ಯವರ್ತಿಗಳ ಸರಪಳಿಯಲ್ಲಿ ಲಾಭ ಮೇಲೆ ಹೋಗುತ್ತಿತ್ತು, ವಂಚನೆಯ ಆರೋಪ ಕೆಳಗೆ ಇಳಿಯುತ್ತಿತ್ತು.

1865ರಲ್ಲಿ ಯುದ್ಧ ಮುಗಿಯಿತು. ಅಮೆರಿಕದ ಹತ್ತಿ ಮತ್ತೆ ಲಿವರ್‌ಪೂಲ್ ಮಾರುಕಟ್ಟೆಗೆ ಬಂತು. ಬೆಲೆ ಕುಸಿಯಿತು. ಬೊಂಬಾಯಿಯ ಶೇರು ವ್ಯಾಪಾರಿಗಳು ದಿವಾಳಿಯಾದದ್ದು ಇತಿಹಾಸದ ಪುಸ್ತಕಗಳಲ್ಲಿದೆ. ಹಳ್ಳಿಗಳಲ್ಲಿ ಉಳಿದದ್ದು ಸಾಲ. ಗುಲಾಮರ ಬಿಡುಗಡೆಯ ಯುದ್ಧ ಎಷ್ಟು ನ್ಯಾಯವಾದುದಾದರೂ, ಅದರ ಏರಿಳಿತದ ಹೊರೆ ಬಿದ್ದದ್ದು ಆ ಯುದ್ಧದಲ್ಲಿ ಯಾವ ಮಾತೂ ಇಲ್ಲದವರ ಮೇಲೆ. 1875ರಲ್ಲಿ ಪುಣೆ, ಅಹಮದ್‌ನಗರ ಭಾಗದ ರೈತರು ಸಾಹುಕಾರರ ಸಾಲಪತ್ರಗಳನ್ನು ಸುಟ್ಟದ್ದರ ಹಿಂದೆಯೂ ಈ ಕುಸಿತದ ನೆರಳಿತ್ತು.

ಮರುವರ್ಷವೇ ಮಳೆ ಕೈಕೊಟ್ಟಿತು. 1876ರಿಂದ 1878ರವರೆಗಿನ ಮಹಾಬರಗಾಲ ಉತ್ತರ ಕರ್ನಾಟಕವನ್ನು ನುಂಗಿತು. 1872ರ ಜನಗಣತಿಗೆ ಹೋಲಿಸಿದರೆ 1881ರಲ್ಲಿ ಧಾರವಾಡ ಜಿಲ್ಲೆಯ ಜನಸಂಖ್ಯೆ ಸುಮಾರು ಒಂದು ಲಕ್ಷದಷ್ಟು ಕಡಿಮೆಯಾಗಿತ್ತು. ಬರಕ್ಕೆ ಹತ್ತಿಯೊಂದೇ ಕಾರಣ ಎನ್ನುವುದು ಸರಿಯಾಗದು. ಮಳೆ ಹೋಯಿತು, ಕಂದಾಯ ನಗದಿನಲ್ಲಿ ಕಟ್ಟಬೇಕಿತ್ತು, ಧಾನ್ಯ ಹೊರಹೋಗುವುದು ನಿಲ್ಲಲಿಲ್ಲ. ಆದರೆ ಜೋಳ ಬೆಳೆಯುವ ಹೊಲದಲ್ಲಿ ಹತ್ತಿಯಿದ್ದರೆ ಹಗೇವಿನಲ್ಲಿ ಕಾಳಿರುವುದಿಲ್ಲ. ಪೇಟೆಯ ಬೆಲೆ ಬಿದ್ದಾಗ ಹತ್ತಿಯನ್ನು ಉಣ್ಣಲಾಗುವುದಿಲ್ಲ.

ರೈತ ಮಾಡಿದ ತೀರ್ಮಾನ

ಧಾರವಾಡದ ರೈತ ವಿಲಾಯತಿ ಹತ್ತಿಯನ್ನು ಪೂರ್ತಿ ತಿರಸ್ಕರಿಸಲಿಲ್ಲ, ಪೂರ್ತಿ ಒಪ್ಪಿಕೊಳ್ಳಲೂ ಇಲ್ಲ. ಅದಕ್ಕೆ ಒಗ್ಗುವ ಹೊಲದಲ್ಲಿ ಅದನ್ನು ಬಿತ್ತಿದ. ಉಳಿದ ಹೊಲದಲ್ಲಿ ಜವಾರಿಯನ್ನೇ ಉಳಿಸಿಕೊಂಡ. ಒಂದು ಕೆಟ್ಟರೆ ಇನ್ನೊಂದು ಕೈಹಿಡಿಯಲಿ ಎಂಬ ವಿವೇಕವಿದು. ಅಧಿಕಾರಿಗಳು ಇದನ್ನು ಹಳ್ಳಿಗರ ಮೊಂಡುತನ ಎಂದರು. ಬರ, ರೋಗ, ಬೆಲೆ ಕುಸಿತಗಳ ನಡುವೆ ಬದುಕುವವನಿಗೆ ಅದು ಮೊಂಡುತನವಲ್ಲ, ವಿಮೆ.

ಕಾಲಕ್ರಮದಲ್ಲಿ ಅಮೆರಿಕದ ಬೀಜ ಈ ಮಣ್ಣಿನದೇ ಆಯಿತು. 20ನೇ ಶತಮಾನದ ಆರಂಭದ ದಶಕಗಳಲ್ಲಿ ‘ಧಾರವಾಡ ಅಮೆರಿಕನ್’ನಿಂದಲೇ ಆಯ್ದು ಗದಗ ಹೆಸರಿನ ತಳಿ ರೂಪಿಸಲಾಯಿತು. ಅದನ್ನು ಕಾಂಬೋಡಿಯಾ ಮೂಲದ ತಳಿಯೊಂದಿಗೆ ಕೂಡಿಸಿ ‘ಲಕ್ಷ್ಮಿ’ ಬಂತು. ಜವಾರಿ ಹತ್ತಿಯ ಸುಧಾರಿತ ತಳಿ ‘ಜಯಧರ’ವೂ ಮನೆಮಾತಾಯಿತು. 1972ರಲ್ಲಿ ಧಾರವಾಡದಲ್ಲಿ ಡಾ. ಬಿ.ಎಚ್. ಕಾತರಕಿಯವರು ಲಕ್ಷ್ಮಿಯನ್ನು ರಷ್ಯಾ ಮೂಲದ ಉದ್ದ ಎಳೆಯ ತಳಿಯೊಂದಿಗೆ ಸಂಕರಗೊಳಿಸಿ ‘ವರಲಕ್ಷ್ಮಿ’ಯನ್ನು ಕೊಟ್ಟರು. ಬೇರೆ ಬೇರೆ ಪ್ರಭೇದಗಳ ಹತ್ತಿಯನ್ನು ಕೂಡಿಸಿ ವಾಣಿಜ್ಯ ಬೆಳೆಗೆ ತಂದ ಮೊದಲ ಸಂಕರ ತಳಿ ಎಂಬ ಖ್ಯಾತಿ ಅದರದು. ಅಮೆರಿಕ, ಕಾಂಬೋಡಿಯಾ, ರಷ್ಯಾಗಳ ರಕ್ತ ಸೇರಿದ ಈ ತಳಿ ಹುಟ್ಟಿದ್ದು ಕನ್ನಡದ ನೆಲದಲ್ಲಿ, ಸಾರ್ವಜನಿಕ ಹಣದಲ್ಲಿ ನಡೆದ ಸಂಶೋಧನೆಯಿಂದ. ಬೀಜದಲ್ಲಿ ವಿದೇಶಿ-ಸ್ವದೇಶಿ ಎಂಬ ಗೆರೆ ಎಳೆಯುವುದು ಕಷ್ಟ. ಬೀಜ ಯಾರ ಹತೋಟಿಯಲ್ಲಿದೆ ಎಂಬುದು ಮುಖ್ಯ.

ಆಳಾಗಿ ಬಂದವನು ಅರಸನಾದ

1840ರಲ್ಲಿ ಬಂದ ಅಮೆರಿಕನ್ನರು ಕಂಪನಿಯ ಸಂಬಳದಾಳುಗಳು. ಆರು ದಶಕ ಕಳೆಯುವುದರೊಳಗೆ ಅವರ ದೇಶ ತನ್ನದೇ ಧ್ವಜ ಹಿಡಿದು ಸಮುದ್ರ ದಾಟಿತು. 1898ರಲ್ಲಿ ಸ್ಪೇನಿನೊಡನೆ ಯುದ್ಧ ಮಾಡಿ ಪೋರ್ಟೊರಿಕೊ, ಗುವಾಮ್, ಫಿಲಿಪ್ಪೀನ್ಸ್‌ಗಳನ್ನು ಪಡೆಯಿತು, ಕ್ಯೂಬಾವನ್ನು ತನ್ನ ಅಂಕೆಗೆ ತಂದುಕೊಂಡಿತು. ಅದೇ ವರ್ಷ ಹವಾಯಿ ದ್ವೀಪಗಳನ್ನೂ ಸೇರಿಸಿಕೊಂಡಿತು. ಫಿಲಿಪ್ಪೀನ್ಸ್‌ಗಾಗಿ ಸ್ಪೇನಿಗೆ 2 ಕೋಟಿ ಡಾಲರ್ ಕೊಟ್ಟಿತು. ಅಲ್ಲಿನ ಜನರನ್ನು ಮಾತ್ರ ಯಾರೂ ಕೇಳಲಿಲ್ಲ. 1899ರಲ್ಲಿ ವಿದೇಶಾಂಗ ಕಾರ್ಯದರ್ಶಿ ಜಾನ್ ಹೇ ಚೀನಾದ ಮಾರುಕಟ್ಟೆ ಎಲ್ಲರಿಗೂ ತೆರೆದಿರಬೇಕೆಂದು ಐರೋಪ್ಯ ಶಕ್ತಿಗಳಿಗೆ ಪತ್ರ ಬರೆದ. ಆ ‘ತೆರೆದ ಬಾಗಿಲು’ ನೀತಿಯ ಬೆನ್ನಿಗೆ ನಿಂತವರಲ್ಲಿ ಅಮೆರಿಕದ ದಕ್ಷಿಣದ ಬಟ್ಟೆ ಗಿರಣಿಗಳೂ ಇದ್ದವು. ಹಿಂದೆ ಮ್ಯಾಂಚೆಸ್ಟರ್ ಮಾಡಿದ್ದನ್ನೇ ಈಗ ಅವರು ಮಾಡತೊಡಗಿದರು.

ಫಿಲಿಪ್ಪೀನ್ಸ್‌ನ ದಕ್ಷಿಣದಲ್ಲಿ ಸೂಲು ಎಂಬ ಮುಸ್ಲಿಂ ಸುಲ್ತಾನರ ನಾಡಿದೆ. ಅದರ ಕಥೆ ಸವಣೂರು ಬಲ್ಲವರಿಗೆ ಅಪರಿಚಿತವೆನಿಸದು. 1899ರ ಆಗಸ್ಟ್‌ನಲ್ಲಿ ಜನರಲ್ ಬೇಟ್ಸ್ ಸುಲ್ತಾನನೊಂದಿಗೆ ಒಪ್ಪಂದ ಮಾಡಿಕೊಂಡ: ಧರ್ಮ, ಆಚಾರಗಳಲ್ಲಿ ಕೈಹಾಕುವುದಿಲ್ಲ, ತಿಂಗಳಿಗೆ ಇಷ್ಟು ವರ್ಷಾಶನ ಕೊಡುತ್ತೇವೆ, ನಮ್ಮ ಸಾರ್ವಭೌಮತ್ವ ಒಪ್ಪಿಕೊಳ್ಳಿ. ಇಂಗ್ಲಿಷ್ ಪ್ರತಿಯಲ್ಲಿದ್ದ ಸಾರ್ವಭೌಮತ್ವದ ಮಾತು ಸ್ಥಳೀಯ ಭಾಷೆಯ ಪ್ರತಿಯಲ್ಲಿ ಹಾಗೆ ಇರಲಿಲ್ಲ. ಉತ್ತರದ ದ್ವೀಪಗಳ ಬಂಡಾಯವನ್ನು ಹತ್ತಿಕ್ಕುವವರೆಗೆ ದಕ್ಷಿಣ ಶಾಂತವಾಗಿರಲಿ ಎಂಬುದು ಅಮೆರಿಕದ ಲೆಕ್ಕ. ಆ ಕೆಲಸ ಮುಗಿದ ಮೇಲೆ 1904ರಲ್ಲಿ ಒಪ್ಪಂದವನ್ನು ಏಕಪಕ್ಷೀಯವಾಗಿ ಮುರಿಯಲಾಯಿತು. 1906ರ ಮಾರ್ಚ್‌ನಲ್ಲಿ ಬುಡ್ ದಾಜೊ ಎಂಬ ಬೆಟ್ಟದ ಮೇಲೆ ಆಶ್ರಯ ಪಡೆದಿದ್ದ ನೂರಾರು ಜನರನ್ನು, ಹೆಂಗಸರು ಮಕ್ಕಳೆನ್ನದೆ, ಅಮೆರಿಕದ ಪಡೆಗಳು ಕೊಂದವು. ಮಾರ್ಕ್ ಟ್ವೇನ್‌ನಂತಹ ಅಮೆರಿಕನ್ ಲೇಖಕರೇ ಈ ಸಾಮ್ರಾಜ್ಯ ನೀತಿಯನ್ನು ಕಟುವಾಗಿ ಖಂಡಿಸಿದರು ಎಂಬುದನ್ನೂ ಮರೆಯಬಾರದು.

ದೊಡ್ಡ ಶಕ್ತಿಯೊಂದು ಚಿಕ್ಕ ದೊರೆಯೊಡನೆ ಮಾಡಿಕೊಳ್ಳುವ ಒಪ್ಪಂದ ದೊಡ್ಡದಕ್ಕೆ ಅಗತ್ಯವಿರುವವರೆಗೆ ಮಾತ್ರ ನಡೆಯುತ್ತದೆ ಎಂಬುದನ್ನು ಸವಣೂರಿನ ನವಾಬರು ಪೇಶ್ವೆ, ಹೈದರ್, ಟಿಪ್ಪು, ಕಂಪನಿ ಎಲ್ಲರ ಕೈಯಲ್ಲೂ ಅನುಭವಿಸಿದ್ದರು. ಆ ಸಂಸ್ಥಾನ 1948ರಲ್ಲಿ ಬೊಂಬಾಯಿ ಪ್ರಾಂತದಲ್ಲಿ ವಿಲೀನವಾಯಿತು.

ಹೊಸ ಬೀಜ, ಹಳೆಯ ಪ್ರಶ್ನೆ

2002ರ ಮಾರ್ಚ್‌ನಲ್ಲಿ ಭಾರತ ಸರಕಾರ ಬಿಟಿ ಹತ್ತಿಗೆ ಅನುಮತಿ ಕೊಟ್ಟಿತು. ಕರ್ನಾಟಕವೂ ಆ ಪಟ್ಟಿಯಲ್ಲಿತ್ತು. ತಂತ್ರಜ್ಞಾನ ಅಮೆರಿಕದ ಮೊನ್ಸಾಂಟೊ ಕಂಪನಿಯದು. ಕೆಲವೇ ವರ್ಷಗಳಲ್ಲಿ ದೇಶದ ಹತ್ತಿ ಹೊಲಗಳ ಬಹುಭಾಗ ಅದರ ಪಾಲಾಯಿತು. ಆರಂಭದಲ್ಲಿ ಕಾಯಿಕೊರಕದ ಕಾಟ ಕಡಿಮೆಯಾದದ್ದು ನಿಜ. ಬಳಿಕ ಗುಲಾಬಿ ಕಾಯಿಕೊರಕ ಅದಕ್ಕೂ ಒಗ್ಗಿಕೊಂಡದ್ದೂ ನಿಜ. ಆದರೆ 1842ರ ರೈತನಿಗಿದ್ದ ಒಂದು ಅನುಕೂಲ ಈಗಿನವನಿಗಿಲ್ಲ. ಆತ ವಿಲಾಯತಿ ಹತ್ತಿಯ ಬೀಜವನ್ನು ಎತ್ತಿಟ್ಟು ಮರುವರ್ಷ ಬಿತ್ತಬಹುದಿತ್ತು, ಪಕ್ಕದಲ್ಲಿ ಜವಾರಿಯನ್ನೂ ಇಟ್ಟುಕೊಳ್ಳಬಹುದಿತ್ತು. ಸಂಕರ ಬಿಟಿ ಬೀಜವನ್ನು ಪ್ರತಿವರ್ಷ ಕೊಳ್ಳಲೇಬೇಕು. ಜವಾರಿ ಹತ್ತಿ ಹುಡುಕಿದರೂ ಸಿಗುವುದು ಅಪರೂಪ.

ಬೆಲೆಯ ಮಾತಂತೂ ಬದಲಾಗಿಲ್ಲ. 2025ರ ಆಗಸ್ಟ್‌ನಲ್ಲಿ ಅಮೆರಿಕ ಭಾರತದ ಸರಕುಗಳ ಮೇಲಿನ ಸುಂಕವನ್ನು ಶೇ. 50ಕ್ಕೆ ಏರಿಸಿತು. ಅದರಲ್ಲಿ ಅರ್ಧ, ಭಾರತ ರಷ್ಯಾದಿಂದ ತೈಲ ಕೊಳ್ಳುತ್ತಿದೆ ಎಂಬ ಕಾರಣಕ್ಕೆ. ಪೆಟ್ಟು ತಿಂದ ಬಟ್ಟೆ ಉದ್ಯಮಕ್ಕೆ ಅಗ್ಗದ ಹತ್ತಿ ಸಿಗಲೆಂದು ಕೇಂದ್ರ ಸರಕಾರ ಹತ್ತಿಯ ಮೇಲಿನ ಶೇ. 11ರ ಆಮದು ಸುಂಕವನ್ನು ಅದೇ ತಿಂಗಳು ತೆಗೆದು, ರಿಯಾಯಿತಿಯನ್ನು ಡಿಸೆಂಬರ್ ಕೊನೆಯವರೆಗೆ ವಿಸ್ತರಿಸಿತು. ಅದು ನಮ್ಮ ರೈತ ಹತ್ತಿ ಬಿಡಿಸಿ ಮಾರುಕಟ್ಟೆಗೆ ತರುವ ಕಾಲ. ರೈತ ಸಂಘಟನೆಗಳು ವಿರೋಧಿಸಿದವು. ವಾಷಿಂಗ್ಟನ್ ಮತ್ತು ಮಾಸ್ಕೋ ನಡುವಿನ ವೈಷಮ್ಯ ಸವಣೂರಿನ ಹತ್ತಿಗಾಡಿಯನ್ನು ಮತ್ತೊಮ್ಮೆ ತಾಕಿತು. 1861ರಲ್ಲಿ ಬೆಲೆ ಏರಿಸಿದ್ದ ಆ ದೇಶ ಈ ಸಲ ಬೆಲೆ ಇಳಿಯುವ ಭಯ ತಂದಿತ್ತು. ಎರಡೂ ಸಲ ರೈತನನ್ನು ಯಾರೂ ಕೇಳಿರಲಿಲ್ಲ.

ಸಾಮ್ರಾಜ್ಯಶಾಹಿಯನ್ನು ನಾವು ಬಾಂಬು, ಯುದ್ಧನೌಕೆಗಳಲ್ಲಿ ಮಾತ್ರ ಗುರುತಿಸಿದರೆ ಅದರ ಅರ್ಧ ಭಾಗವನ್ನಷ್ಟೇ ಕಂಡಂತಾಗುತ್ತದೆ. ಬೀಜ ಯಾವುದು, ಗುಣಮಟ್ಟ ಯಾವುದು, ಬೆಲೆ ಎಷ್ಟು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಎಲ್ಲಿಂದ ಬರುತ್ತದೆ ಎಂದು ಕೇಳಿದರೆ ಉಳಿದರ್ಧವೂ ಕಾಣುತ್ತದೆ. ಅಮೆರಿಕದ ಮೇಲಿನ ಸಿಟ್ಟು ಈ ಪ್ರಶ್ನೆಗಳಿಗೆ ಉತ್ತರವಲ್ಲ. ಗುಲಾಮಗಿರಿಯನ್ನು ಕೊನೆಗೊಳಿಸಲು ಪ್ರಾಣ ಕೊಟ್ಟವರೂ, ಬುಡ್ ದಾಜೊದ ಕೊಲೆಗಳಿಗೆ ದನಿಯೆತ್ತಿದವರೂ ಆ ದೇಶದವರೇ. ಸಾರ್ವಜನಿಕ ಸಂಶೋಧನಾ ಕೇಂದ್ರಗಳು ರೈತ ಎತ್ತಿಟ್ಟು ಬಿತ್ತಬಲ್ಲ ತಳಿಗಳನ್ನು ಕೊಡುವುದು, ಜವಾರಿ ಬೀಜಗಳನ್ನು ಉಳಿಸಿಕೊಳ್ಳುವುದು, ಆಮದು ಸುಂಕದ ತೀರ್ಮಾನ ಮಾಡುವ ಮುನ್ನ ಸುಗ್ಗಿಯ ಕಾಲವನ್ನಾದರೂ ನೋಡುವುದು, ಇವು ನಮ್ಮದೇ ಸರಕಾರಗಳ ಕೈಯಲ್ಲಿರುವ ಕೆಲಸಗಳು. ಎರಡು ಬಗೆಯ ಹತ್ತಿಯನ್ನು ಅಕ್ಕಪಕ್ಕದಲ್ಲಿ ಬಿತ್ತಿದ ಧಾರವಾಡದ ರೈತನಿಗೆ ನೂರೆಂಬತ್ತು ವರ್ಷಗಳ ಹಿಂದೆ ಆ ತಿಳಿವಳಿಕೆಯಿತ್ತು.